ವರ್ನಿಯರ್ ಕೆಳಗಿಟ್ಟವಳಿಗೆ ಕೆಲಸ

ಕಾಲೇಜುಗಳ ಫಲಿತಾಂಶ ಬಂತೆಂದರೆ ಪೀಣ್ಯದ ನಮ್ಮ ಸಣ್ಣ ಘಟಕಕ್ಕೂ ಮೆಕ್ಯಾನಿಕಲ್ ಎಂಜಿನಿಯರುಗಳ ಅರ್ಜಿಗಳು ಬರತೊಡಗುತ್ತವೆ. ನಾಯಕತ್ವದ ಗುಣ ಎಲ್ಲರಲ್ಲೂ ಇರುತ್ತದೆ! ಆ ಸಾಲನ್ನು ನಾನು ಓದುವುದಿಲ್ಲ. ಅಂಕಪಟ್ಟಿಯ ಮೇಲೂ ಒಮ್ಮೆ ಕಣ್ಣಾಡಿಸುತ್ತೇನೆ, ಅಷ್ಟೇ.

ನನ್ನ ಪರೀಕ್ಷೆ ಮೇಜಿನ ಮೇಲಿರುತ್ತದೆ: ಉಕ್ಕಿನ ಒಂದು ಬುಷ್ (ಕೊಳವೆಯಂಥ ಬಿಡಿಭಾಗ), ಅದರ ಡ್ರಾಯಿಂಗ್, ಒಂದು ವರ್ನಿಯರ್ ಕ್ಯಾಲಿಪರ್. ಒಳರಂಧ್ರ 25 ಎಚ್7 ಎಂದು ಡ್ರಾಯಿಂಗಿನಲ್ಲಿದೆ. 'ಇದು ಪಾಸೋ, ಫೇಲೋ?' ಎಂದು ಕೇಳುತ್ತೇನೆ. ಹೆಚ್ಚಿನವರು ವರ್ನಿಯರ್ ತೂರಿಸಿ 'ಪಾಸ್ ಸರ್' ಎಂದುಬಿಡುತ್ತಾರೆ. ಕೆಲವರು ಮೊದಲು ದವಡೆ ಮುಚ್ಚಿ ಸೊನ್ನೆ ಸರಿಯಿದೆಯೇ ಎಂದು ನೋಡುತ್ತಾರೆ. ಅವರ ಹೆಸರಿಗೆ ಒಂದು ಗುರುತು ಹಾಕಿಕೊಳ್ಳುತ್ತೇನೆ.

25 ಎಚ್7 ಎಂದರೆ ರಂಧ್ರ 25.000 ಮತ್ತು 25.021 ಮಿಲಿಮೀಟರ್ ನಡುವೆ ಇರಬೇಕು. ಇರುವ ಅವಕಾಶವೇ 21 ಮೈಕ್ರಾನ್. ಆ ವರ್ನಿಯರಿನ ಅತಿ ಸಣ್ಣ ಅಳತೆ 0.02 ಮಿಲಿಮೀಟರ್, ಅಂದರೆ 20 ಮೈಕ್ರಾನ್. ಅದನ್ನು ನಂಬಿ ತೀರ್ಪು ಕೊಡಲಾಗದು. ರಂಧ್ರವನ್ನು ಇನ್ನೂ ನಿಖರವಾಗಿ ಪರೀಕ್ಷಿಸುವ ಪ್ಲಗ್ ಗೇಜೋ ಬೋರ್ ಗೇಜೋ ಬೇಕು. ಹಿಂದೊಮ್ಮೆ ತುಮಕೂರು ಕಡೆಯ ಹುಡುಗಿಯೊಬ್ಬಳು ಗೋಡೆಯ ಮೇಲಿನ ಅಳತೆ ಮಿತಿಗಳ ಪಟ್ಟಿ ನೋಡಿ ಬಂದು, ವರ್ನಿಯರ್ ಕೆಳಗಿಟ್ಟು, 'ಇದರಲ್ಲಿ ಹೇಳಲು ಆಗುವುದಿಲ್ಲ ಸರ್, ಬೇರೆ ಉಪಕರಣ ಇದೆಯೇ?' ಎಂದಳು. ಎಚ್7ರ ಮಿತಿ ಅವಳಿಗೆ ಬಾಯಿಪಾಠ ಇರಲಿಲ್ಲ. ಇರಬೇಕಾಗಿಯೂ ಇಲ್ಲ, ಅದಕ್ಕೇ ಪಟ್ಟಿ ತೂಗುಹಾಕಿರುವುದು. ಈಗ ಅವಳ ಸಹಿಯಿಲ್ಲದೆ ನಮ್ಮಿಂದ ಒಂದು ಪೆಟ್ಟಿಗೆಯೂ ಹೊರಡುವುದಿಲ್ಲ. ಅಂದಾಜಿನ ಮೇಲೆ ಪಾಸ್ ಮಾಡಿದ ಬುಷ್ ಗ್ರಾಹಕರ ಜೋಡಣೆಯಲ್ಲಿ ಕೂರದಿದ್ದರೆ ಇಡೀ ಲಾಟ್ ವಾಪಸ್ ಬರುತ್ತದೆ, ಸಾಗಣೆಯ ಬಿಲ್ಲಿನ ಸಮೇತ. ಇಂಗ್ಲಿಷ್ ತಡವರಿಸಿದರೆ ಅಂಥ ನಷ್ಟವೇನೂ ಆಗುವುದಿಲ್ಲ.

ಮಾಲೀಕರ ತಪ್ಪೂ ಕಡಿಮೆಯೇನಿಲ್ಲ. 'ಹೊಸಬರು ಬೇಕು, ಎರಡು ವರ್ಷ ಅನುಭವವಿರಬೇಕು' ಎಂಬ ಬೋರ್ಡನ್ನು ನಮ್ಮ ರಸ್ತೆಯಲ್ಲೇ ನೋಡಿದ್ದೇನೆ. ಹೊಸಬನಿಗೆ ಅನುಭವ ಎಲ್ಲಿಂದ ಬರಬೇಕು? ಕಲಿಸುವುದು ನಮ್ಮ ಖರ್ಚು. ಕಲಿತವನು ಸಾಫ್ಟ್‌ವೇರ್ ಕಡೆ ಹೊರಟನೆಂದು ಶಪಿಸುವವರು, ತಾವು ಕೊಡುವ ಸಂಬಳದಲ್ಲಿ ದಾಸರಹಳ್ಳಿಯಲ್ಲಿ ಕೋಣೆ ಬಾಡಿಗೆ ಕಟ್ಟಿ ಊರಿಗೆ ಎಷ್ಟು ಕಳುಹಿಸಬಹುದೆಂದು ಒಮ್ಮೆ ಲೆಕ್ಕ ಹಾಕಲಿ. ನಾನು ಹಾಕಿ ನೋಡಿದೆ, ಈ ವರ್ಷ ಆರಂಭದ ಸಂಬಳ ಏರಿಸಿದೆ. ಪಕ್ಕದ ಶೆಡ್ಡಿನವರು ಮುನಿಸಿಕೊಂಡಿದ್ದಾರೆ.