ಒಂದು ನೀಲಿ ಟಿಕ್ಕು, ಮೂರು ಸ್ಪೆಲ್ಲಿಂಗು

ಮಾರ್ಚ್ ಬಂತೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಹೊಳೆಸಾಲಿನ ಮರಗಳಿಂದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಬರುವ ಕಾಲ ಅದು. ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು, ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದ ಮಿಡಿ ಬಹಳ ದಿನ ಬಾಳುವುದಿಲ್ಲ. ಎಣಿಸಿ ತಗೊಂಡು, ಒರೆಸಿ, ತಡ ಮಾಡದೆ ಉಪ್ಪಿನ ಜೊತೆ ಭರಣಿಗೆ ತುಂಬಬೇಕು. ಅಂಥ ಒಂದು ಮಧ್ಯಾಹ್ನ ಕೈಯೆಲ್ಲ ಉಪ್ಪಾಗಿರುವಾಗ ಫೋನ್ ಬಂತು.

ಮೈಸೂರಿನಿಂದ ಒಬ್ಬರು ಅಮ್ಮ. ನಿವೃತ್ತ ಟೀಚರ್ ಅಂತೆ. "ನಾಲ್ಕು ಬಾಟಲಿ ಉಪ್ಪಿನಕಾಯಿಗೆ 1,450 ರೂಪಾಯಿ ಹಾಕಿ ಹತ್ತು ದಿನ ಆಯ್ತಮ್ಮ, ಇನ್ನೂ ಬಂದಿಲ್ವಲ್ಲ" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಆರ್ಡರ್ ಪುಸ್ತಕ ಎರಡು ಸಲ ತಿರುವಿದೆ, ಅವರ ಹೆಸರು ಎಲ್ಲೂ ಇಲ್ಲ. ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಕಳಿಸಿ ಅಂದೆ. ಅದರಲ್ಲಿ ಯಾರದೋ ಗಂಡಸಿನ ಹೆಸರಿತ್ತು. "ನಿಮ್ಮ ಮನೆಯವರದ್ದು ಇರಬೇಕು ಅಂದ್ಕೊಂಡೆ" ಅಂದರು. ಹಾಗೆ ಅಂದುಕೊಳ್ಳುವುದು ಸಹಜ ಅಲ್ವಾ. ಎಷ್ಟೋ ಮನೆ ವ್ಯಾಪಾರಗಳಲ್ಲಿ ಖಾತೆ ಗಂಡನ ಹೆಸರಲ್ಲೇ ಇರುತ್ತದೆ.

ಆಮೇಲೆ ಅವರು ಯಾವ ಪೇಜ್ ನೋಡಿ ದುಡ್ಡು ಹಾಕಿದ್ದರೋ ಅದನ್ನು ತೋರಿಸಿದರು. ನಮ್ಮದೇ ಹೆಸರು, ಕೊನೆಯಲ್ಲಿ ಒಂದು ಚುಕ್ಕೆ ಮಾತ್ರ ಜಾಸ್ತಿ. ನಮ್ಮದೇ ಫೋಟೋಗಳು. ಮೊದಲನೇ ಫೋಟೋ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅದು ನಮ್ಮ ಅತ್ತೆಯ ಕೈ. ಭರಣಿಯೊಳಗೆ ಮಿಡಿ ಒತ್ತುತ್ತಿರುವ ಕೈ, ಹಸಿರು ಗಾಜಿನ ಬಳೆ, ಹೆಬ್ಬೆರಳ ಬುಡದಲ್ಲಿ ಹಳೇ ಸುಟ್ಟ ಗಾಯದ ಕಲೆ. ಎರಡು ವರ್ಷದ ಹಿಂದೆ ನಾನೇ ಹಿಂದಿನ ಜಗುಲಿಯಲ್ಲಿ ನಿಂತು ತೆಗೆದದ್ದು. ಆ ಕೈಯನ್ನು ತೋರಿಸಿ ಯಾರೋ ಮೈಸೂರಿನ ಅಮ್ಮನ ದುಡ್ಡು ಹೊಡೆದಿದ್ದರು.

ಮೈದುನನ ಮಗಳು ಶಿವಮೊಗ್ಗದಲ್ಲಿ ಓದುತ್ತಾಳೆ. ಅವಳಿಗೆ ಫೋನ್ ಮಾಡಿದೆ. "ದೊಡ್ಡಮ್ಮ, ಅವರಿಗೆ ಮೊದಲು 1930ಕ್ಕೆ ಫೋನ್ ಮಾಡೋಕೆ ಹೇಳಿ" ಅಂದಳು. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ದೂರು ಕೊಡುವ ನಂಬರ್ ಅದು. ಹೋದ ತಕ್ಷಣ, ಒಂದೆರಡು ಗಂಟೆಯೊಳಗೆ ಹೇಳಿದರೆ ಆ ದುಡ್ಡನ್ನು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ. ಇಲ್ಲಿ ಹತ್ತು ದಿನ ಕಳೆದುಹೋಗಿತ್ತು. ದೂರು ದಾಖಲಾಯಿತು, ದುಡ್ಡು ಬರಲಿಲ್ಲ. ನಾನು ನಾಲ್ಕು ಬಾಟಲಿ ಕಟ್ಟಿ ಅವರ ವಿಳಾಸಕ್ಕೆ ಕಳಿಸಿದೆ. ಇವರು ಒಂದು ಮಾತೂ ಆಡದೆ ಪೆಟ್ಟಿಗೆಯನ್ನು ಸಾಗರದ ಕೊರಿಯರ್ ಆಫೀಸಿಗೆ ಒಯ್ದು ಕೊಟ್ಟು ಬಂದರು.

ಕಳ್ಳ ಪೇಜನ್ನು ನಾನು ರಿಪೋರ್ಟ್ ಮಾಡಿದೆ, ಹುಡುಗಿ ಮಾಡಿದಳು, ಅವಳ ಗೆಳತಿಯರೆಲ್ಲ ಮಾಡಿದರು. ಎರಡು ದಿನ ಬಿಟ್ಟು ಉತ್ತರ ಬಂತು. ಆ ಪೇಜ್ ನಮ್ಮ ನಿಯಮ ಮೀರಿಲ್ಲ ಅಂತ! ಯಾವ ಆ್ಯಪ್ ಅಂತ ಹೆಸರು ಹೇಳುವುದು ಬೇಡ. ನಮ್ಮ ಪೇಜ್ ಯಾವುದು, ಕಳ್ಳ ಪೇಜ್ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಎರಡರಲ್ಲೂ ಅದೇ ಫೋಟೋ, ಅದೇ ಬರಹ. ಅವತ್ತೇ ನಾವು ಪೇಜನ್ನು ವೆರಿಫೈ ಮಾಡಿಸುವುದು, ಅಂದರೆ ಇದೇ ಅಸಲಿ ಅಂತ ಆ್ಯಪಿನವರಿಂದ ನೀಲಿ ಟಿಕ್ ಹಾಕಿಸಿಕೊಳ್ಳುವುದು ಅಂತ ತೀರ್ಮಾನ ಮಾಡಿದ್ದು.

ಅಲ್ಲಿಯವರೆಗೆ ನೀಲಿ ಟಿಕ್ ಅಂದರೆ ಸಿನಿಮಾದವರಿಗೆ, ಕ್ರಿಕೆಟ್‌ನವರಿಗೆ ಅಂತ ತಿಳಿದಿದ್ದೆ. ಮೊದಲು ಹಾಗೇ ಇತ್ತು ಕೂಡ. ಟ್ವಿಟರ್ 2009ರಲ್ಲಿ ಇದನ್ನು ಶುರು ಮಾಡಿದ್ದೇ ಹೆಸರುವಾಸಿ ಜನರ ನಕಲಿ ಖಾತೆಗಳ ಕಾಟಕ್ಕೆ. ಈಗ ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ನಮ್ಮಂಥವರೂ ಕೇಳಬಹುದು. ದುಡ್ಡು ಕೊಟ್ಟರೆ ಸಿಗುವುದಾದರೆ ಕಳ್ಳನಿಗೂ ಸಿಗುತ್ತಲ್ಲ ಅಂತ ನಾನು ಕೇಳಿದೆ. ಆಗ ಹುಡುಗಿ 2022ರ ನವೆಂಬರ್‌ನಲ್ಲಿ ಆದದ್ದನ್ನು ಹೇಳಿದಳು. ಟ್ವಿಟರ್‌ನಲ್ಲಿ ಗುರುತಿನ ದಾಖಲೆ ನೋಡದೆ 8 ಡಾಲರ್‌ಗೆ ಟಿಕ್ ಕೊಡಲು ಶುರು ಮಾಡಿದ್ದರು. ಯಾರೋ ಒಬ್ಬರು ಎಲಿ ಲಿಲ್ಲಿ ಎಂಬ ಅಮೆರಿಕದ ಔಷಧಿ ಕಂಪನಿಯ ಹೆಸರಲ್ಲಿ ಖಾತೆ ತೆಗೆದು, ಟಿಕ್ ಪಡೆದು, ಇನ್ಸುಲಿನ್ ಇನ್ನು ಉಚಿತ ಅಂತ ಬರೆದುಬಿಟ್ಟರು. ನಿಜವಾದ ಕಂಪನಿ ಬಂದು, ಅದು ನಾವಲ್ಲ, ಕ್ಷಮಿಸಿ ಅನ್ನಬೇಕಾಯಿತು. ಸಕ್ಕರೆ ಕಾಯಿಲೆಯವರು ಅದನ್ನು ಓದಿ ಎಷ್ಟು ಆಸೆಪಟ್ಟಿರಬಹುದು ಅಂತ ನನಗೆ ಅನ್ನಿಸಿತು. ನಮ್ಮ ಮಾವನವರೂ ದಿನಾ ಇನ್ಸುಲಿನ್ ಚುಚ್ಚಿಕೊಂಡವರು. "ಇಲ್ಲಿ ಹಾಗಲ್ಲ ದೊಡ್ಡಮ್ಮ, ದಾಖಲೆ ಕೇಳ್ತಾರೆ" ಅಂದಳು ಹುಡುಗಿ. ಸರಿ, ದಾಖಲೆ ಇದೆ, ಕೊಡೋಣ ಅಂದೆ.

ಇದೆ, ನಿಜ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆ. ಅದು ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಸುಮ್ನೆ ಏಜೆಂಟರಿಗೆ ಸಾವಿರ, ಎರಡು ಸಾವಿರ ಕೊಡಬೇಡಿ. ತಿನ್ನುವ ಪದಾರ್ಥ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆ. ನಾನು ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ, ಅದರ 14 ಅಂಕಿಯ ನಂಬರ್ ಪ್ರತಿ ಬಾಟಲಿ ಮೇಲೂ ಹಾಕುತ್ತೇವೆ. ಜಿಎಸ್‌ಟಿ ಇಲ್ಲ. ನಾವು ಕರ್ನಾಟಕದ ಒಳಗೆ ಮಾತ್ರ ಕಳಿಸುವುದು, ವಹಿವಾಟು 40 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ. ವಿಳಾಸಕ್ಕೆ ಮೆಸ್ಕಾಂನ ಕರೆಂಟ್ ಬಿಲ್ಲು ಇದೆ.

ನಮ್ಮ ಮನೆ ಒಳಗೆ ಸಿಗ್ನಲ್ ಬರುವುದಿಲ್ಲ. ಹಿಂದಿನ ದರೆ ಹತ್ತಿ ಹಲಸಿನ ಮರದ ಹತ್ತಿರ ನಿಂತರೆ ಎರಡು ಕಡ್ಡಿ. ಅಲ್ಲೇ ಒಂದು ಕುರ್ಚಿ ಹಾಕಿಕೊಂಡು ಏಪ್ರಿಲ್ ಮೊದಲ ವಾರ ಅರ್ಜಿ ಹಾಕಿದೆ. ಮಾರನೇ ದಿನ ತಿರಸ್ಕಾರ. ಕಾರಣ ಅಂತ ಒಂದೇ ಸಾಲು: ದಾಖಲೆ ಸ್ಪಷ್ಟವಾಗಿಲ್ಲ. ನೋಡಿದರೆ ಹೌದು. ಲ್ಯಾಮಿನೇಷನ್ ಮಾಡಿಸಿದ್ದ ಹಾಳೆ, ಫೋಟೋದಲ್ಲಿ ನಂಬರಿನ ಮೇಲೆ ಸರಿಯಾಗಿ ಟ್ಯೂಬ್‌ಲೈಟಿನ ಬಿಳಿ ಪಟ್ಟಿ. ಒಂದು ಮೂಲೆಯೂ ಕತ್ತರಿಸಿ ಹೋಗಿತ್ತು. ವೆಬ್‌ಸೈಟಿಂದ ನೇರ ಪಿಡಿಎಫ್ ಇಳಿಸಿಕೊಂಡು ಅದನ್ನೇ ಹಾಕಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಎರಡನೇ ಸಲ ಪಿಡಿಎಫ್ ಹಾಕಿದೆ. ಮತ್ತೆ ತಿರಸ್ಕಾರ. ಈ ಸಲ ಹೆಸರು ಹೊಂದುವುದಿಲ್ಲ ಅಂತ. ಏನು ಹೊಂದುವುದಿಲ್ಲ? ಎಲ್ಲ ಕಡೆ ನಮ್ಮದೇ ಹೆಸರು! ರಾತ್ರಿ ಊಟ ಆದ ಮೇಲೆ ಎಲ್ಲ ಕಾಗದವನ್ನೂ ಚಾಪೆ ಮೇಲೆ ಸಾಲಾಗಿ ಇಟ್ಟು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ನಮ್ಮ ವ್ಯಾಪಾರದ ಹೆಸರಲ್ಲಿ ಅಪ್ಪೆಮಿಡಿ ಅನ್ನುವ ಪದ ಇದೆ. ಕನ್ನಡದಲ್ಲಿ ಅದನ್ನು ಒಂದೇ ಥರ ಬರೆಯುತ್ತೇವೆ. ಆದರೆ ಇಂಗ್ಲಿಷಿನಲ್ಲಿ? ಉದ್ಯಮ್ ಪ್ರಮಾಣಪತ್ರದಲ್ಲಿ ಒಂದೇ 'ಪಿ'. ಎಫ್‌ಎಸ್‌ಎಸ್‌ಎಐ ಕಾಗದದಲ್ಲಿ ಎರಡು 'ಪಿ', ಆದರೆ ಅಪ್ಪೆ ಬೇರೆ, ಮಿಡಿ ಬೇರೆ, ನಡುವೆ ಜಾಗ. ನಮ್ಮ ಪೇಜಿನಲ್ಲಿ ಎರಡು 'ಪಿ', ಕೂಡಿಸಿ ಬರೆದದ್ದು, ಕೊನೆಗೆ 'ಐ' ಬದಲು ಎರಡು 'ಇ'. ಒಂದನ್ನು ತುಂಬಿದ್ದು ಸೈಬರ್ ಸೆಂಟರಿನ ಹುಡುಗ, ಇನ್ನೊಂದನ್ನು ಇವರು, ಪೇಜ್ ಮಾಡಿದ್ದು ಹುಡುಗಿ. ಯಾರದ್ದೂ ತಪ್ಪಲ್ಲ. ಮೆಸ್ಕಾಂ ಬಿಲ್ಲಂತೂ ಮಾವನವರ ಹೆಸರಲ್ಲಿ. ಅವರು ತೀರಿಕೊಂಡು ಆರು ವರ್ಷ ಆಯಿತು, ಬಿಲ್ಲಿನಲ್ಲಿ ಹೆಸರು ಬದಲಿಸಬೇಕು ಅಂತ ಯಾರಿಗೂ ತೋಚಿರಲಿಲ್ಲ. ಬದಲಿಸಲು ಮನಸ್ಸೂ ಬಂದಿರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ನಮ್ಮ ಕಡೆ ಹೆಸರು ಬಾಯಲ್ಲಿ ಇರುವಂಥದ್ದು. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮದುವೆಗೆ ಮೊದಲು ಒಂದು, ಆಮೇಲೆ ಒಂದು. ಊರವರಿಗೆ ಯಾವ ಗೊಂದಲವೂ ಇಲ್ಲ. ಆದರೆ ಎಲ್ಲೋ ಕೂತು ನೋಡುವ ಕಂಪ್ಯೂಟರಿಗೆ 'ಪಿ' ಒಂದೋ ಎರಡೋ ಅನ್ನುವುದೇ ಮುಖ್ಯ. ಅದು ಬಿಗಿಯಾಗಿ ನೋಡಬೇಕಾದ್ದೇ, ಬೇಡ ಅನ್ನುವುದಿಲ್ಲ. ಆದರೆ ಯಾವ ಅಕ್ಷರ ಹೊಂದಿಲ್ಲ ಅಂತ ಒಂದು ಸಾಲು ಬರೆದು ತಿಳಿಸಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು. ಫೋನ್ ಮಾಡಿ ಕೇಳೋಣವೆಂದರೆ ಅವರದ್ದು ನಂಬರೇ ಇಲ್ಲ.

ಉದ್ಯಮ್‌ನಲ್ಲಿ ಹೆಸರು ತಿದ್ದಲು ಆನ್‌ಲೈನ್‌ನಲ್ಲೇ ಆಗುತ್ತದೆ, ಒಟಿಪಿ ಬಂತು, ತಿದ್ದಿದೆ. ಎಫ್‌ಎಸ್‌ಎಸ್‌ಎಐ ಕಾಗದ ತಿದ್ದಿಸಲು ಸ್ವಲ್ಪ ಓಡಾಟ ಆಯಿತು. ಬಿಲ್ಲಿನ ಬದಲು, ತಿದ್ದಿದ ಉದ್ಯಮ್ ಪತ್ರ ಕೊಟ್ಟು ವ್ಯಾಪಾರದ ಹೆಸರಿನಲ್ಲೇ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆದೆ. ಸ್ಟೇಟ್‌ಮೆಂಟಿನಲ್ಲಿ ಹೆಸರೂ ಬರುತ್ತದೆ, ವಿಳಾಸವೂ ಬರುತ್ತದೆ. ಇನ್ನೊಂದು ಲಾಭ, ಈಗ ಯುಪಿಐನಲ್ಲಿ ದುಡ್ಡು ಹಾಕುವವರಿಗೆ ನಮ್ಮ ವ್ಯಾಪಾರದ ಹೆಸರೇ ಕಾಣುತ್ತದೆ. ಇದನ್ನು ಎಷ್ಟೋ ಮೊದಲೇ ಮಾಡಬೇಕಿತ್ತು.

ಈ ನಡುವೆ ಒಂದು ಸಂಜೆ ಮೆಸೇಜ್ ಬಂತು. "ನಿಮ್ಮ ವೆರಿಫಿಕೇಷನ್ ಅರ್ಜಿ ಪರಿಶೀಲನೆಯಲ್ಲಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ ಖಚಿತಪಡಿಸಿ, ಇಲ್ಲದಿದ್ದರೆ ಪೇಜ್ ಬಂದ್ ಆಗುತ್ತದೆ." ಆ್ಯಪಿನ ಗುರುತು, ಬಣ್ಣ ಎಲ್ಲ ಅದೇ. ಒಂದು ತಿಂಗಳಿಂದ ಕಾಯುತ್ತಿದ್ದವಳು ನಾನು, ಬೆರಳು ಲಿಂಕಿನ ಮೇಲೇ ಇತ್ತು. ಒತ್ತಿಯೇಬಿಟ್ಟೆ, ಒಳಗೆ ಪಾಸ್‌ವರ್ಡ್ ಕೇಳಿತು. ಕೈ ನಿಲ್ಲಿಸಿ ಹುಡುಗಿಗೆ ಫೋನ್ ಮಾಡಿದೆ. "ಮುಟ್ಟಬೇಡಿ ದೊಡ್ಡಮ್ಮ!" ಅಂತ ಕೂಗಿದಳು. ಅರ್ಜಿ ಏನಾಯಿತು ಅನ್ನುವುದು ಆ್ಯಪಿನ ಸೆಟ್ಟಿಂಗ್ಸ್ ಒಳಗೇ ಗೊತ್ತಾಗುತ್ತದೆ, ಮೆಸೇಜಿನಲ್ಲಿ ಬಂದು ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ. ಆವತ್ತೇ ಎರಡು ಹಂತದ ಲಾಗಿನ್ ಹಾಕಿಕೊಂಡೆ. ಅರ್ಜಿ ಹಾಕಿ ಕಾಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇದೊಂದನ್ನು ದಯವಿಟ್ಟು ನೆನಪಿಡಿ. ಕಾಯುವಾಗಲೇ ನಾವು ಸುಲಭವಾಗಿ ಸಿಕ್ಕಿಬೀಳುವುದು.

ಮೂರನೇ ಅರ್ಜಿ ಮೇ ಕೊನೆಗೆ. ಈ ಸಲ ಮುಖದ ವಿಡಿಯೋ ಕೂಡ ಕೇಳಿತು. ತಲೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮಳೆಯ ಮೋಡ ಕಟ್ಟಿತ್ತು, ದರೆ ಮೇಲೆ ಬೆಳಕು ಸಾಲದು. ಅತ್ತೆ ಮೊಣಕಾಲು ಹಿಡಿದುಕೊಂಡೇ ಹತ್ತಿ ಬಂದು ಟಾರ್ಚ್ ಹಿಡಿದು ನಿಂತರು. "ಎಂತಕ್ಕೆ ಇಷ್ಟೆಲ್ಲ ಮಾಡ್ತೀಯೇ? ನಮ್ಮ ಉಪ್ಪಿನಕಾಯಿ ತಿಂದೋರಿಗೆ ಗೊತ್ತಾಗ್ದೇ ಇರ್ತದಾ?" ಅಂದರು. ತಿಂದವರಿಗೆ ಗೊತ್ತಾಗುತ್ತದೆ ಅತ್ತೆ, ತಿನ್ನುವ ಮೊದಲೇ ದುಡ್ಡು ಹಾಕುವವರಿಗೆ ಹೇಗೆ ಗೊತ್ತಾಗಬೇಕು ಅಂದೆ. ಕಳ್ಳ ಪೇಜಿನಲ್ಲಿದ್ದ ಅವರ ಕೈಯ ಫೋಟೋವನ್ನು ಅಲ್ಲಿಯವರೆಗೂ ಅವರಿಗೆ ತೋರಿಸಿರಲಿಲ್ಲ. ಆವತ್ತು ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಟಾರ್ಚನ್ನು ಇನ್ನೂ ಹತ್ತಿರ ತಂದು ಹಿಡಿದರು.

ಮೂರನೇ ದಿನ ಬೆಳಿಗ್ಗೆ ಟಿಕ್ ಬಂತು. ಹುಡುಗಿ ಫೋನಿನಲ್ಲೇ ಕುಣಿದಳು. ಕಳ್ಳ ಪೇಜನ್ನು ಮತ್ತೆ ರಿಪೋರ್ಟ್ ಮಾಡಿದೆವು, ಈ ಸಲ ಒಂದೇ ದಿನಕ್ಕೆ ತೆಗೆದರು. ಪ್ರತಿ ತಿಂಗಳು ದುಡ್ಡು ಕಟ್ಟಬೇಕು, ನಿಲ್ಲಿಸಿದರೆ ಟಿಕ್ ಹೋಗುತ್ತದೆ. ಪೇಜಿನ ಹೆಸರು ಬದಲಿಸಿದರೆ ಮತ್ತೆ ಮೊದಲಿಂದ ಪರಿಶೀಲನೆ. ಸಣ್ಣ ವ್ಯಾಪಾರಕ್ಕೆ ಅದು ಸಣ್ಣ ಖರ್ಚಲ್ಲ. ನಮ್ಮ ಗುರುತನ್ನು ನಾವು ಕಾಪಾಡಿಕೊಳ್ಳಲು ತಿಂಗಳ ಬಾಡಿಗೆ ಕಟ್ಟುವುದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೂ ಕಟ್ಟುತ್ತಿದ್ದೇನೆ.

ಆಗಸ್ಟ್‌ನಲ್ಲಿ, ಜೋರು ಮಳೆಯ ದಿನ, ಮೂರು ದಿನದಿಂದ ಕರೆಂಟ್ ಇಲ್ಲದೆ ಪೇಟೆಗೆ ಹೋಗಿ ಫೋನ್ ಚಾರ್ಜ್ ಮಾಡಿಕೊಂಡಾಗ ಮೈಸೂರಿನ ಅದೇ ಟೀಚರ್ ಅಮ್ಮನ ಮೆಸೇಜ್ ಇತ್ತು. ಹೊಸದೊಂದು ಪೇಜಿನ ಸ್ಕ್ರೀನ್‌ಶಾಟ್. ನಮ್ಮ ಹೆಸರು, ಈ ಸಲ ಕೊನೆಗೆ ಎರಡು ಚುಕ್ಕೆ. ಅದೇ ಕೈ, ಅದೇ ಬಳೆ. ಕೆಳಗೆ ಬರೆದಿದ್ದರು: "ನನ್ನ ತಂಗಿ ಇದರಲ್ಲಿ ಆರ್ಡರ್ ಮಾಡೋಕೆ ಹೊರಟಿದ್ಲು. ಟಿಕ್ ಇಲ್ಲ, ನಿಲ್ಲು ಅಂದೆ. ಇದು ನಿಮ್ಮದಲ್ಲ ಅಲ್ವಾ?"

ಅಲ್ಲಮ್ಮ, ನಮ್ಮದಲ್ಲ ಅಂತ ಬರೆದೆ. ತಂಗಿಯವರ ವಿಳಾಸ ಕಳಿಸಿ ಅಂತಲೂ ಬರೆದೆ.