ದೇವರ ಚಿತ್ತ ಕೇಳುವವರಿಗೆ ಹಗ್ಗಾಯನನ್ನು ಓದಿ ಅಂತ ಯಾಕೆ ಹೇಳುತ್ತೇನೆ?

"ಬ್ರದರ್, ನನ್ನ ಜೀವನದ ಬಗ್ಗೆ ದೇವರ ಚಿತ್ತ ಏನು ಅಂತ ತಿಳಿಯೋದು ಹೇಗೆ?" ನಮ್ಮ ಸಭೆಯ ಯುವಜನ ಕೂಟದಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಡಿಗ್ರಿ ಮುಗಿಸಿದವರು ಕೇಳುತ್ತಾರೆ. ರಿಟೈರ್ ಆದವರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಹಗ್ಗಾಯನನ್ನು ಓದಿ ಅನ್ನುತ್ತೇನೆ. ಆಗ ಅವರ ಮುಖ ನೋಡಬೇಕು! ಯೆಶಾಯ ಗೊತ್ತು, ಮೀನಿನ ಹೊಟ್ಟೆ ಸೇರಿದ ಯೋನ ಗೊತ್ತು. ಇದ್ಯಾರಪ್ಪ ಹಗ್ಗಾಯ?

ಹಗ್ಗಾಯ ಒಬ್ಬ ಪ್ರವಾದಿ. ಆತನ ಪುಸ್ತಕ ಬೈಬಲಿನ ಹಳೆ ಒಡಂಬಡಿಕೆಯ ಕೊನೆಯಿಂದ ಹಿಂದಕ್ಕೆ ಎಣಿಸಿದರೆ ಮೂರನೆಯದು. ಎರಡೇ ಅಧ್ಯಾಯ, 38 ವಚನ. ಪ್ರವಾದಿಯ ಅಪ್ಪನ ಹೆಸರಿಲ್ಲ, ಊರಿನ ಹೆಸರಿಲ್ಲ. ಆದರೆ ಆತ ಮಾತಾಡಿದ ತಾರೀಕುಗಳು ಮಾತ್ರ ಪಕ್ಕಾ ಇವೆ. ಪಾರಸಿಯ ರಾಜ ದಾರ್ಯಾವೆಷನ ಎರಡನೆಯ ವರ್ಷ, ಆರನೆಯ ತಿಂಗಳು, ಮೊದಲನೆಯ ದಿನ. ನಮ್ಮ ಲೆಕ್ಕಕ್ಕೆ ಕ್ರಿ.ಪೂ. 520ರ ಆಗಸ್ಟ್ ಕೊನೆ.

ಅಷ್ಟು ಹೊತ್ತಿಗೆ ಯೆರೂಸಲೇಮಿನ ಸ್ಥಿತಿ ಹೀಗಿತ್ತು. ಸೊಲೊಮೋನನ ದೇವಾಲಯವನ್ನು ಬಾಬೆಲಿನವರು ಕ್ರಿ.ಪೂ. 586ರ ಸುಮಾರಿಗೆ ಸುಟ್ಟುಹಾಕಿದ್ದರು. ಕ್ರಿ.ಪೂ. 538ರಲ್ಲಿ ಪಾರಸಿಯ ರಾಜ ಕೋರೆಷ ಅಪ್ಪಣೆ ಕೊಟ್ಟ ಮೇಲೆ ಬಾಬೆಲಿಗೆ ಸೆರೆ ಹೋಗಿದ್ದವರಲ್ಲಿ ಒಂದಷ್ಟು ಜನ ವಾಪಸ್ ಬಂದರು, ದೇವಾಲಯಕ್ಕೆ ಅಸ್ತಿವಾರ ಹಾಕಿದರು. ಅಕ್ಕಪಕ್ಕದವರು ಅಡ್ಡಗಾಲು ಹಾಕಿದರು. ಕೆಲಸ ನಿಂತಿತು. ನಿಂತದ್ದು ವರ್ಷಗಟ್ಟಲೆ ಹಾಗೇ ಉಳಿಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ವಿಷಯ. ಎಜ್ರನ ಪುಸ್ತಕ ಓದಿದರೆ ಈ ವಿರೋಧಿಗಳ ಕಥೆಯೇ ಒಂದು ಅಧ್ಯಾಯ ತುಂಬಾ ಇದೆ: ಚಾಡಿ ಪತ್ರ, ಸರ್ಕಾರಿ ತಡೆ, ಬಲವಂತ. ಎಲ್ಲವೂ ನಡೆದದ್ದೇ. ಆದರೆ ಹಗ್ಗಾಯ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆತ ಕೇಳುವುದು ಬೇರೆ. ಆಲಯ ಕಟ್ಟುವ ಕಾಲ ಇನ್ನೂ ಬಂದಿಲ್ಲ ಅನ್ನುತ್ತೀರಲ್ಲ, ನೀವು ಹಲಗೆ ಹೊದಿಸಿದ ಮನೆಗಳಲ್ಲಿ ಕೂರುವುದಕ್ಕೆ ಮಾತ್ರ ಕಾಲ ಬಂತಾ? ಮರವೇ ದುಬಾರಿಯಾದ ಊರಲ್ಲಿ ಗೋಡೆಗೆ ಹಲಗೆ ಹೊದಿಸುವುದೆಂದರೆ ಸುಮ್ನೆ ಅಲ್ಲ. ಅಂದರೆ ಜನರಿಗೆ ದುಡ್ಡು, ಕೈ, ಬಡಗಿ ಎಲ್ಲವೂ ಸಿಕ್ಕಿತ್ತು. ಮೊದಲು ನಿಜವಾಗಿದ್ದ ಅಡ್ಡಿ ಬರಬರುತ್ತಾ ನೆಪವಾಗಿತ್ತು.

ದೇವರ ಚಿತ್ತ ಕೇಳಿಕೊಂಡು ಬರುವವರಲ್ಲಿ ಜಾಸ್ತಿ ಜನ ಹೊಸದೊಂದು ಕರೆಯನ್ನು ಕಾಯುತ್ತಿರುತ್ತಾರೆ. ಕನಸೋ, ಗುರುತೋ ಏನಾದರೂ ಬೇಕು. ಹಗ್ಗಾಯ ಹೊಸದೇನನ್ನೂ ಹೇಳುವುದಿಲ್ಲ. ಅವರಿಗೆ ಗೊತ್ತಿದ್ದ ಕೆಲಸ, ಅವರೇ ಶುರು ಮಾಡಿದ್ದ ಕೆಲಸ, ಊರ ನಡುವೆ ಹಾಳು ಬಿದ್ದಿತ್ತು. ಬೆಟ್ಟಕ್ಕೆ ಹೋಗಿ ಮರ ತನ್ನಿ, ಕಟ್ಟಿ ಅಂದ. ಇಷ್ಟೇ. ಅದೇ ತಿಂಗಳ 24ನೆಯ ದಿನ ಅಧಿಪತಿ ಜೆರುಬ್ಬಾಬೆಲ, ಮಹಾಯಾಜಕ ಯೆಹೋಶುವ, ಜನ ಎಲ್ಲ ಸೇರಿ ಕೆಲಸಕ್ಕೆ ಇಳಿದರು. ಪ್ರವಾದಿಯ ಮಾತು ಇಷ್ಟು ಬೇಗ ಜನರ ಕಿವಿಗೆ ಬಿದ್ದದ್ದು ಸತ್ಯವೇದದಲ್ಲೇ ಅಪರೂಪ. ಪಾಪ, ಅದಕ್ಕೂ ಮೊದಲಿನ ಪ್ರವಾದಿ ಯೆರೆಮೀಯನನ್ನು ಬಾವಿಗೆ ಇಳಿಸಿದ್ದರು.

ಕೆಲಸ ಶುರುವಾದ ಮೇಲೆ ಪ್ರಾಂತದ ಅಧಿಕಾರಿ ತತ್ತೆನೈ ಬಂದು, ಅಪ್ಪಣೆ ಕೊಟ್ಟವರು ಯಾರು ಅಂತ ವಿಚಾರಿಸಿದ. ರಾಜನಿಗೆ ಪತ್ರ ಹೋಯಿತು. ಹುಡುಕಿಸಿದಾಗ ಮೇದ್ಯ ದೇಶದ ಕೋಟೆಯಲ್ಲಿ ಕೋರೆಷನ ಹಳೆಯ ಅಪ್ಪಣೆಯ ಸುರುಳಿ ಸಿಕ್ಕಿತು. ದಾರಿ ಸಲೀಸಾದದ್ದು ಕೆಲಸಕ್ಕೆ ಕೈ ಹಾಕಿದ ಮೇಲೆ. ಕ್ರಿ.ಪೂ. 515ರಲ್ಲಿ ಆಲಯ ಮುಗಿಯಿತು.

ನಡುವೆ ಇನ್ನೊಂದು ತೊಡಕು ಬಂತು, ಇದು ನನಗೆ ತುಂಬಾ ಹತ್ತಿರದ್ದು. ಏಳನೆಯ ತಿಂಗಳ 21ನೆಯ ದಿನ, ಯೆಹೂದ್ಯರ ಪರ್ಣಶಾಲೆಗಳ ಹಬ್ಬದ ಗುಂಪು. ಮೊದಲಿನ ಆಲಯ ಕಂಡಿದ್ದ ಮುದುಕರು ಒಬ್ಬಿಬ್ಬರಾದರೂ ಇರಬೇಕು. ಹಗ್ಗಾಯ ಅವರನ್ನೇ ಕೇಳುತ್ತಾನೆ: ಇದು ನಿಮ್ಮ ಕಣ್ಣಿಗೆ ಏನೂ ಅಲ್ಲ ಅಂತ ಕಾಣುತ್ತದೆ, ಅಲ್ವಾ? ಛೇ, ಹಾಗೇನಿಲ್ಲ, ಚೆನ್ನಾಗೇ ಇದೆ ಅಂತ ಸಮಾಧಾನ ಹೇಳುವುದಿಲ್ಲ. ಸಪ್ಪೆ ಅಂತ ಒಪ್ಪಿಕೊಂಡೇ, ಧೈರ್ಯ ತಂದುಕೊಳ್ಳಿ, ಕೆಲಸ ಮಾಡಿ, ನಾನು ನಿಮ್ಮ ಜೊತೆ ಇದ್ದೇನೆ ಎಂಬ ದೇವರ ಮಾತನ್ನು ಮುಟ್ಟಿಸುತ್ತಾನೆ. ಬ್ಯಾಚಿನವರೆಲ್ಲ ಎಲ್ಲೆಲ್ಲೋ ಹೋದರು, ನಾನು ಊರ ಶಾಲೆಯಲ್ಲಿ ಪಾಠ ಮಾಡಿಕೊಂಡು ಉಳಿದೆ ಅಂತ ಕೊರಗುವವರಿಗೆ ಈ ಭಾಗ ಓದಿ ಹೇಳುತ್ತೇನೆ.

ಒಂದು ಎಚ್ಚರಿಕೆ. ಕಟ್ಟಡ ನಿಧಿಗೆ ಕಾಣಿಕೆ ಎತ್ತುವಾಗ ಕೆಲವರಿಗೆ ಹಗ್ಗಾಯ ತಟ್ಟನೆ ನೆನಪಾಗುತ್ತಾನೆ. ಬಿತ್ತಿದ್ದು ಬಹಳ, ಬೆಳೆದದ್ದು ಕೊಂಚ. ಕೂಲಿ ಹಾಕಿದ್ದು ತೂತಿನ ಚೀಲಕ್ಕೆ ಎಂಬ ಮಾತು ಅವರಿಗೆ ಬಾಯಿಪಾಠ. ಹಗ್ಗಾಯ ಆ ಬರಕ್ಕೂ ಹಾಳುಬಿದ್ದ ಆಲಯಕ್ಕೂ ಗಂಟು ಹಾಕಿದ್ದು ನಿಜ. ಅದು ಆ ಜನಕ್ಕೆ, ಆ ವರ್ಷಕ್ಕೆ ಹೇಳಿದ ಮಾತು. ಮಳೆ ಕೈಕೊಟ್ಟ ರೈತನ ಮುಂದೆ ನಿಂತು ಅದನ್ನೇ ಒಪ್ಪಿಸುವುದು ಕ್ರೂರ ಅಂತಲೇ ನನ್ನ ಅಭಿಪ್ರಾಯ.

"ಕೆಲಸ ಮುಗಿಸಿದರೆ ನನಗೇನು ಸಿಗುತ್ತೆ?" ಇದು ಮುಂದಿನ ಪ್ರಶ್ನೆ. ಪುಸ್ತಕದ ಕೊನೆಗೆ ದೇವರು ಜೆರುಬ್ಬಾಬೆಲನಿಗೆ, ನಿನ್ನನ್ನು ಮುದ್ರೆಯುಂಗುರದಂತೆ ಮಾಡುತ್ತೇನೆ ಅನ್ನುತ್ತಾನೆ. ಮುದ್ರೆಯುಂಗುರ ಅಂದರೆ ರಾಜನ ಅಧಿಕಾರದ ಗುರುತು. ಇವನ ತಾತ ರಾಜನಾಗಿದ್ದಾಗ, ನೀನು ನನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತು ಎಸೆಯುತ್ತೇನೆ ಅಂತ ದೇವರು ಅವನಿಗೆ ಯೆರೆಮೀಯನ ಮೂಲಕ ಹೇಳಿಸಿದ್ದ. ಕಿತ್ತ ಉಂಗುರ ಮೊಮ್ಮಗನ ಹೆಸರಿಗೆ ಬಂತು. ಆದರೂ ಅವನು ರಾಜನಾಗಲಿಲ್ಲ. ಎಜ್ರನ ಪುಸ್ತಕದಲ್ಲಿ ಆಲಯದ ಪ್ರತಿಷ್ಠೆಯ ವರ್ಣನೆ ಇದೆ: ಹೋರಿಗಳ ಲೆಕ್ಕ, ಟಗರುಗಳ ಲೆಕ್ಕ ಎಲ್ಲ ಇದೆ, ಜೆರುಬ್ಬಾಬೆಲನ ಹೆಸರಿಲ್ಲ. ನಾನು ಇದನ್ನು ಮುಚ್ಚಿಡುವುದಿಲ್ಲ.

ಇಷ್ಟಾದರೂ ಎಲ್ಲರ ಕೈಗೂ ಹಗ್ಗಾಯನನ್ನು ಕೊಡುವುದಿಲ್ಲ. ಅರ್ಧಕ್ಕೆ ಬಿಟ್ಟದ್ದು ಏನೂ ಇಲ್ಲದೆ, ಎಲ್ಲ ಮಾಡಿಯೂ ಎಲ್ಲ ಕಳೆದುಕೊಂಡು ಬರುವವರಿದ್ದಾರೆ. ಅವರಿಗೆ ಏಳಿ, ಮರ ತನ್ನಿ ಅನ್ನುವುದು ಸರಿಯಲ್ಲ. ಅವರಿಗೆ ಕೆಲವೇ ಪುಟ ಹಿಂದಿರುವ ಹಬಕ್ಕೂಕನನ್ನು ಓದಲು ಹೇಳುತ್ತೇನೆ. ಅವನು ದೇವರ ಜೊತೆ ಜಗಳಕ್ಕೇ ನಿಂತವನು.