ಗೋರಿಕಲ್ಲಿನ ಮೇಲೆ ಊಟ, ಚೀಟಿಯಲ್ಲೊಂದು ಹೆಸರು

ಲಂಡನ್ನಿಗೆ ಬಂದ ಹೊಸತರಲ್ಲಿ ಒಂದು ದಿನ ಅಮ್ಮನಿಗೆ ಫೋನ್ ಮಾಡಿ, "ಇವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಊಟ ಮಾಡಿದೆ. ಕಾಲ ಕೆಳಗೆಲ್ಲ ಹಳೇ ಗೋರಿಕಲ್ಲು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಲೆಗೆ ಸ್ನಾನ ಮಾಡಿದ್ಯಾ?" ಎಂದಳು.

ಟ್ರಫಾಲ್ಗರ್ ಚೌಕದ ಮೂಲೆಯಲ್ಲಿರುವ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚು ಅದು. ಈಗಿನ ಕಟ್ಟಡ ಎದ್ದದ್ದು 1726ರಲ್ಲಿ. ಹೆಸರಿನಲ್ಲಿ ಹೊಲ ಇದೆ, ಸುತ್ತ ಇರುವುದು ಬಸ್ಸು ಟ್ಯಾಕ್ಸಿ. ನಾನು ಒಳಗೆ ಹೋದದ್ದು ಭಕ್ತಿಯಿಂದಲ್ಲ, ಮಳೆ ಬಂತೆಂದು. ಯಾರೋ ಪಿಟೀಲು ನುಡಿಸುತ್ತಿದ್ದರು. 1958ರಲ್ಲಿ ನೆವಿಲ್ ಮ್ಯಾರಿನರ್ ಕಟ್ಟಿದ ಹೆಸರಾಂತ ವಾದ್ಯವೃಂದಕ್ಕೂ ಈ ಚರ್ಚಿನದೇ ಹೆಸರು.

ಮಠದ ದಾಸೋಹ ಕಂಡವನಿಗೆ ಕೆಳಗಿನ ಹೋಟೆಲಿನ ಬಿಲ್ಲು ನೋಡಿ ಕಸಿವಿಸಿಯಾಯಿತು. ದೇವರ ಮನೆಯಲ್ಲಿ ಸೂಪಿಗೆ ಇಷ್ಟು ದುಡ್ಡಾ? ಆ ಹಣ ಚರ್ಚಿನ ಕೆಲಸಕ್ಕೇ ಹೋಗುತ್ತದೆ ಎಂದು ತಿಳಿದ ಮೇಲೆ ಸುಮ್ಮನಾದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಡಿಕ್ ಶೆಪರ್ಡ್ ಎಂಬ ಪಾದ್ರಿ, ಹತ್ತಿರದ ರೈಲು ನಿಲ್ದಾಣದಿಂದ ಬರುತ್ತಿದ್ದ ಸೈನಿಕರಿಗೆ ಚರ್ಚಿನ ಬಾಗಿಲು ತೆರೆದಿಟ್ಟರು. ಆ ರೂಢಿ ನಿಂತಿಲ್ಲ. ಪಕ್ಕದಲ್ಲೇ 'ದ ಕನೆಕ್ಷನ್' ಎಂಬ ಸಂಸ್ಥೆ ಇದೆ. ಬೀದಿಯಲ್ಲಿ ಮಲಗುವವರಿಗೆ ಅಲ್ಲಿ ಸ್ನಾನಕ್ಕೆ ಜಾಗ, ಊಟ, ಮನೆ ಹುಡುಕಲು ನೆರವು ಸಿಗುತ್ತದೆ.

ಇಷ್ಟೆಲ್ಲ ನಮ್ಮ ಊರಲ್ಲೂ ಇದೆ, ಅಲ್ವಾ? ಆದರೆ ನವೆಂಬರಿನ ಒಂದು ಪ್ರಾರ್ಥನೆಯನ್ನು ಮಾತ್ರ ನಾನು ಬೇರೆಲ್ಲೂ ಕಂಡಿರಲಿಲ್ಲ. ಆ ವರ್ಷ ಲಂಡನ್ನಿನಲ್ಲಿ ಮನೆಯಿಲ್ಲದೆ ಸತ್ತವರ ಹೆಸರುಗಳನ್ನು ಅಂದು ಒಂದೊಂದಾಗಿ ಓದುತ್ತಾರೆ. ಗಡಿಬಿಡಿ ಇಲ್ಲ. ಕೆಲವರದು ಅರ್ಧ ಹೆಸರು, ಅಷ್ಟೇ ಗೊತ್ತು. ಹತ್ತು ಹೆಸರಾದಾಗ ಮುಗಿಯಿತೇನೋ ಎಂದುಕೊಂಡೆ. ಮುಗಿಯಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದವನೊಬ್ಬ ಒಂದು ಹೆಸರಿಗೆ ಮಾತ್ರ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ನಡುವೆ 'ದ ಕ್ವಾಯರ್ ವಿತ್ ನೋ ನೇಮ್' ತಂಡದವರು ಹಾಡಿದರು. ಹೆಸರಿಲ್ಲದ ಗಾಯಕರ ಬಳಗ ಎನ್ನಬಹುದು. ಮನೆ ಕಳೆದುಕೊಂಡ ಕಷ್ಟ ಗೊತ್ತಿರುವವರಿಗೆಂದೇ 2008ರಲ್ಲಿ ಶುರುವಾದದ್ದು. ವಾರಕ್ಕೊಮ್ಮೆ ಅಭ್ಯಾಸ, ಆಮೇಲೆ ಎಲ್ಲರೂ ಕೂತು ಬಿಸಿ ಊಟ. ಶ್ರುತಿ ಅಲ್ಲಲ್ಲಿ ಜಾರಿತು. ನನ್ನ ಕಿವಿಗೆ ಮೊದಲು ಕೇಳಿದ ಪಿಟೀಲಿಗಿಂತ ಇದೇ ಜಾಸ್ತಿ ಹಿಡಿಸಿತು.

ಹೊರಡುವಾಗ ಒಂದೊಂದು ಚೀಟಿ ತೆಗೆದುಕೊಂಡೆವು. ಪ್ರತಿಯೊಂದರಲ್ಲೂ ತೀರಿಕೊಂಡವರೊಬ್ಬರ ಹೆಸರು.

ರಾತ್ರಿ ಅಮ್ಮನಿಗೆ ಹೇಳಿದೆ. ಈ ಸಲ ಸ್ನಾನದ ಮಾತು ಬರಲಿಲ್ಲ. "ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀವಲ್ಲ, ಆ ಹೆಸರು ವಾಟ್ಸಾಪ್ ಮಾಡು" ಎಂದಳು. ಇಂಗ್ಲಿಷ್ ಹೆಸರು ಅವಳಿಗೆ ಓದಲು ಕಷ್ಟ. ಕನ್ನಡದಲ್ಲಿ ಬರೆದು ಕಳಿಸಿದೆ.